ಬರಗಾಲದ ಊರಿನ ಹುಟ್ಟುಗಾರ



ದೀಪ ಹಚ್ಚಿದ್ದಾಯಿತು. ಜಲಕ್ರೀಡೆಯ ಈ ಚಿತ್ರಪ್ರದರ್ಶನ ನೋಡಲು ಒಳಗೆ ಹೋಗುವ ಮುಂಚೆ ಒಬ್ಬರ ಪರಿಚಯ ಆಗಬೇಕು. ಹೆಸರು ದತ್ತು ಬಬನ್ ಭೋಕನಳ್. ನಾಸಿಕ್ ಜಿಲ್ಲೆಯ ಚಾಂದವಡ ತಾಲ್ಲೂಕಿನ ತಳೇಗಾಂವ್ ರೋಹಿ ಅವರ ಊರು. ಕುಡಿಯುವ ನೀರಿಗೇ ಪರದಾಡುವ ಸೀಮೆ. ತಂದೆಯದು ಬಾವಿ ತೋಡುವ ಕೆಲಸ. ಮಗನೂ ಕೈಗೆ ಹಾರೆ ಗುದ್ದಲಿ ಹಿಡಿದವರೇ. 2011ರಲ್ಲಿ ತಂದೆ ತೀರಿಕೊಂಡಾಗ ಮನೆಯ ಭಾರವೆಲ್ಲ ಅವರ ಹೆಗಲಿಗೆ ಬಿತ್ತು. ಮರುವರ್ಷ ಸೈನ್ಯ ಸೇರಿದರು. ಒಲಿಂಪಿಕ್ಸ್ ಕನಸು ಕಟ್ಟಿಕೊಂಡು ಅಲ್ಲ, ತಿಂಗಳ ಸಂಬಳಕ್ಕಾಗಿ.

ಅವರು ಸೇರಿದ್ದು ಬಾಂಬೆ ಸ್ಯಾಪರ್ಸ್. ಹಲಸೂರಿನಲ್ಲಿ ನಮ್ಮ ಮಗ್ಗುಲಲ್ಲೇ ಇರುವ ಎಂಇಜಿ, ಅಂದರೆ ಮದ್ರಾಸ್ ಸ್ಯಾಪರ್ಸ್, ಅದರ ಸೋದರ ಪಡೆ. ನದಿಗೆ ಸೇತುವೆ ಕಟ್ಟುವುದು, ದೋಣಿಯಲ್ಲಿ ಪಡೆಯನ್ನು ದಾಟಿಸುವುದು ಸ್ಯಾಪರ್‌ಗಳ ಕಸುಬು. ಹಾಗಾಗಿ ರೋಯಿಂಗ್ ಅವರ ಅಂಗಳದ ಆಟವಾಯಿತು. ಹಲಸೂರು ಕೆರೆಯಲ್ಲಿ ಎಂಇಜಿಯ ದೋಣಿಗಳು ಇರುವುದೂ ಇದೇ ಕಾರಣಕ್ಕೆ. ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ದತ್ತು ಅವರ ಎತ್ತರ ನೋಡಿದ ತರಬೇತುದಾರರು ಅವರನ್ನು ದೋಣಿಗೆ ಹತ್ತಿಸಿದರು.

ಅವರದು ಸಿಂಗಲ್ ಸ್ಕಲ್ಸ್, ಅಂದರೆ ಒಂಟಿ ದೋಣಿ; ಅದರ ಅಗಲ ಒಬ್ಬರು ಕೂರುವಷ್ಟೇ. ಕೊಂಚ ವಾಲಿದರೂ ಮಗುಚಿಕೊಳ್ಳುತ್ತದೆ. ಹೋಗಬೇಕಾದ ದಿಕ್ಕಿಗೆ ಬೆನ್ನು ಹಾಕಿ ಕೂರಬೇಕು. ಪಾದಗಳನ್ನು ದೋಣಿಗೇ ಬಿಗಿದ ಬೂಟಿನೊಳಗೆ ತೂರಿಸಬೇಕು. ಕೆಳಗಿನ ಸೀಟು ಹಳಿಯ ಮೇಲೆ ಹಿಂದೆ ಮುಂದೆ ಜಾರುತ್ತದೆ. ನೋಡುವವರಿಗೆ ತೋಳಿನ ಆಟ ಅನ್ನಿಸಿದರೂ ಹೆಚ್ಚಿನ ಕೆಲಸ ತೊಡೆಯದು. ಕಾಲೊದ್ದು ಬೆನ್ನು ಸೆಟೆಸಿ ಕೊನೆಗೆ ಕೈ ಎಳೆಯಬೇಕು. ಇದೇ ವರಸೆಯಲ್ಲಿ 2000 ಮೀಟರ್. ಅರ್ಧ ದಾರಿಗೆ ಬರುವಷ್ಟರಲ್ಲಿ ಕಾಲು ಉರಿಯತೊಡಗುತ್ತದೆ, ಅಂಗೈಯ ಬೊಬ್ಬೆ ಒಡೆದಿರುತ್ತದೆ.

2016ರಲ್ಲಿ ದಕ್ಷಿಣ ಕೊರಿಯಾದ ಚುಂಗ್ಜುವಿನಲ್ಲಿ ನಡೆದ ಒಲಿಂಪಿಕ್ಸ್ ಅರ್ಹತಾ ಪಂದ್ಯದ ಹೊತ್ತಿಗೆ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದು ತಾಯಿ ಪ್ರಜ್ಞೆಯಿಲ್ಲದೆ ಮಲಗಿದ್ದರು. ದತ್ತು ಅಲ್ಲಿ ಬೆಳ್ಳಿ ಗೆದ್ದು, ರಿಯೊ ಒಲಿಂಪಿಕ್ಸ್‌ಗೆ ಹೋದ ಭಾರತದ ಏಕೈಕ ರೋಯಿಂಗ್ ಪಟುವಾದರು. ರಿಯೊದಲ್ಲಿ ಅವರಿಗೆ ಸಿಕ್ಕಿದ್ದು ‘ಸಿ’ ಫೈನಲ್. ಅದನ್ನು 6 ನಿಮಿಷ 54.96 ಸೆಕೆಂಡಿನಲ್ಲಿ ಗೆದ್ದರು. ಮುಂದೆ ‘ಎ’, ‘ಬಿ’ ಫೈನಲ್‌ಗಳ ಹನ್ನೆರಡು ಮಂದಿ ಇದ್ದದ್ದರಿಂದ ಒಟ್ಟು ಪಟ್ಟಿಯಲ್ಲಿ ಸ್ಥಾನ 13. ಗೆದ್ದೂ ಹದಿಮೂರನೆಯವರಾಗುವ ಲೆಕ್ಕ ನಮ್ಮ ಪತ್ರಿಕೆಗಳ ತಲೆಬರಹಕ್ಕೆ ಹೊಂದುವುದಿಲ್ಲ, ಬಿಡಿ.

2018ರ ಏಷ್ಯನ್ ಕ್ರೀಡಾಕೂಟದ ರೋಯಿಂಗ್ ಇಂಡೊನೇಷ್ಯಾದ ಪಾಲೆಂಬಾಂಗಿನಲ್ಲಿ ನಡೆಯಿತು. ಜ್ವರದಲ್ಲಿದ್ದ ದತ್ತು ಒಂಟಿ ದೋಣಿಯ ಫೈನಲ್‌ನಲ್ಲಿ ಕೊನೆಯವರಾದರು. ಮಾರನೆಯ ದಿನ, ಆಗಸ್ಟ್ 24ರಂದು, ಸ್ವರ್ಣ್ ಸಿಂಗ್, ಓಂ ಪ್ರಕಾಶ್, ಸುಖ್‌ಮೀತ್ ಸಿಂಗ್ ಜೊತೆ ನಾಲ್ವರ ದೋಣಿ ಹತ್ತಿದರು. 6 ನಿಮಿಷ 17.13 ಸೆಕೆಂಡ್, ಚಿನ್ನ. 2020ರಲ್ಲಿ ಅರ್ಜುನ ಪ್ರಶಸ್ತಿಯೂ ಬಂತು.

ಸಿಡ್ನಿಯಿಂದ ಪ್ಯಾರಿಸ್‌ವರೆಗೆ ಪ್ರತಿ ಒಲಿಂಪಿಕ್ಸ್‌ನಲ್ಲೂ ಭಾರತದ ರೋಯಿಂಗ್ ಪಟು ಇದ್ದಾರೆ, ಹೆಚ್ಚಿನವರು ಸೈನಿಕರು. 2010ರಲ್ಲಿ ಏಷ್ಯನ್ ಕೂಟದ ಮೊದಲ ರೋಯಿಂಗ್ ಚಿನ್ನ ತಂದ ಬಜರಂಗ್ ಲಾಲ್ ತಾಖರ್ ಮರುಭೂಮಿಯ ರಾಜಸ್ಥಾನದವರು, ಅವರೂ ಸೈನಿಕರೇ. ಸೈನ್ಯಕ್ಕೆ ಇದು ಹೆಮ್ಮೆ, ನಮಗೆ ಅಷ್ಟೇ ಮುಜುಗರ: ಸೈನ್ಯದ ಹೊರಗಿನ ಸಾಮಾನ್ಯರಿಗೆ ಈ ಆಟ ದಕ್ಕಿದ್ದು ಕಡಿಮೆ. ಕಲ್ಕತ್ತ ರೋಯಿಂಗ್ ಕ್ಲಬ್ 1858ರದು, ಮದ್ರಾಸ್ ಬೋಟ್ ಕ್ಲಬ್ 1867ರದು. ಅಲ್ಲಿಯೂ ಹುಟ್ಟು ಹಾಕುವುದು ಬಹುಕಾಲ ಉಳ್ಳವರ ಹವ್ಯಾಸವಾಗಿಯೇ ಉಳಿಯಿತು. ನಮ್ಮ ಬೀದಿಯ ಹುಡುಗರಿಗಂತೂ ಹಲಸೂರು ಕೆರೆ ಎಂದರೆ ಗಣೇಶನನ್ನು ಬಿಡುವ ಜಾಗ, ಹೆಚ್ಚೆಂದರೆ ದೋಣಿವಿಹಾರ. ದ್ವೀಪಗಳಿರುವ ಆ ಕೆರೆಯಲ್ಲಿ 2000 ಮೀಟರ್ ನೇರ ದಾರಿ ಸಿಗದು, ನಿಜ. ಆದರೆ ಕಲಿಯುವವರಿಗೆ ಐನೂರು ಮೀಟರ್ ಧಾರಾಳವಾಯಿತು. ಬೇಸಿಗೆ ರಜೆಯಲ್ಲಿ ಇಲ್ಲಿನ ಕಾರ್ಪೊರೇಷನ್ ಶಾಲೆಯ ಮಕ್ಕಳಿಗೆ ಎರಡು ತಿಂಗಳು ಹುಟ್ಟು ಹಿಡಿಯಲು ಕಲಿಸಿದರೆ ಆದೀತೇ? ಸೈನ್ಯ, ಸರ್ಕಾರ ಎರಡರ ಮುಂದೆಯೂ ಈ ಕೋರಿಕೆ ಇರಲಿ.

ಒಳಗೆ ಬಲಗಡೆ ಅಭ್ಯಾಸದ ರೋಯಿಂಗ್ ಯಂತ್ರ ಇಟ್ಟಿದ್ದಾರೆ. ಮಕ್ಕಳು ಮೊದಲು ಕೂರಲಿ, ದೊಡ್ಡವರು ಸಾಲಿನಲ್ಲಿ ನಿಲ್ಲಲಿ. ಪ್ರದರ್ಶನ ಉದ್ಘಾಟನೆಯಾಗಿದೆ, ಬನ್ನಿ.