ದಂಡೆಗೇರಿದ ಹರಿಗೋಲು

ಹಿಮ ಬೀಳುವ ನಾಡುಗಳಲ್ಲಿ ಚಳಿಗಾಲಕ್ಕೆ ಮುಂಚೆ ದೋಣಿಯನ್ನು ದಡಕ್ಕೆಳೆದು ಹೊದಿಸಿಡುತ್ತಾರೆ. ನಮ್ಮ ಮಲ್ಪೆಯಲ್ಲಿ ಈ ಬಿಡುವು ಮಳೆಗಾಲದ್ದು: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಮೀನು ಹಿಡಿಯುವಂತಿಲ್ಲ. ಅಮೀನಗಡದ ಕಡೆಯ ಮಲಪ್ರಭೆಯದು ಬೇರೆ ಲೆಕ್ಕ. ಬೇಸಿಗೆಯಲ್ಲಿ ಹೊಳೆ ಬತ್ತಿದರೆ ಹರಿಗೋಲಿಗೇನು ಕೆಲಸ?

ಹರಿಗೋಲೆಂದರೆ ಬಿದಿರಿನ ಬುಟ್ಟಿ, ಹೊರಗೆ ತೊಗಲು. 1520ರ ಸುಮಾರಿಗೆ ಆನೆಗೊಂದಿಯಲ್ಲಿ ಇದನ್ನು ಕಂಡ ಪೋರ್ಚುಗೀಸ ಡೊಮಿಂಗೊ ಪಾಯಸ್, ಒಂದರಲ್ಲಿ 15–20 ಮಂದಿ ದಾಟುತ್ತಿದ್ದರೆಂದು ಬರೆದಿದ್ದಾನೆ. ಕುದುರೆ, ಎತ್ತುಗಳೂ ಕೂಡ! ಈಗ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ.

ಬೇಸಿಗೆಯಲ್ಲಿ ಹರಿಗೋಲನ್ನು ತೆಗೆದಿಡುವಾಗ ಕಲ್ಲುಗಳ ಮೇಲೆ ಬೋರಲು ಹಾಕಬೇಕು, ನೆಲಕ್ಕೆ ತಾಗಬಾರದು. ಗೆದ್ದಲಿಗೆ ಬಿದಿರೆಂದರೆ ಹಬ್ಬ. ನೆರಳೂ ಬೇಕು, ನಮ್ಮ ಬಿಸಿಲಿಗೆ ಡಾಂಬರು ಕರಗೀತು. ಮಳೆಗೆ ಮುನ್ನ ಬಿರುಕು ಹುಡುಕಿ ಮತ್ತೆ ಬಳಿಯಬೇಕು. ನಡುಹೊಳೆಯಲ್ಲಿ ತೂತು ಹುಡುಕುವವನಿಗೆ ಈಜು ಬಂದರೆ ಸರಿ.