ಮೀಟರು ಯಾರ ಕೈಯಲ್ಲಿರಬೇಕು?



ಸಕ್ಕರೆ ಕಾಯಿಲೆಯ ಬಗ್ಗೆ ಉಪನ್ಯಾಸ ಎಂದೊಡನೆ ಏನು ಹೇಳುತ್ತಾರೆಂದು ನಿಮಗೆಲ್ಲ ಗೊತ್ತು: ಸಿಹಿ ಬಿಡಿ, ನಡೆಯಿರಿ, ಗುಳಿಗೆ ತಪ್ಪಿಸಬೇಡಿ. ಮೂರೂ ಸರಿಯಾದ ಮಾತೇ. ಆದರೆ ಇವನ್ನು ಹತ್ತಿಪ್ಪತ್ತು ವರ್ಷ ಕೇಳಿಸಿಕೊಂಡೂ ಕಣ್ಣೋ ಕಿಡ್ನಿಯೋ ಕೆಟ್ಟು ಬಂದವರನ್ನು ಆಸ್ಪತ್ರೆಯಲ್ಲಿ ಬಹಳ ನೋಡಿದ್ದೇನೆ. ಬುದ್ಧಿವಾದ ಅವರಿಗೆ ಧಾರಾಳವಾಗಿ ಸಿಕ್ಕಿತ್ತು. ಕೂರಿಸಿಕೊಂಡು ಕಲಿಸಿಕೊಟ್ಟವರು ಸಿಕ್ಕಿರಲಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ದೊಡ್ಡ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ಅದರ ಲೆಕ್ಕದಲ್ಲಿ ದೇಶದಲ್ಲಿ ಮಧುಮೇಹವಿರುವವರು ಸುಮಾರು 10.1 ಕೋಟಿ. ಇಷ್ಟು ಜನರ ಊಟದ ತಟ್ಟೆಯ ಪಕ್ಕ ವೈದ್ಯರು ಕೂರಲಾರರು. ಇನ್ನೊಂದು ಸೌಟು ಅನ್ನ ಹಾಕಿಸಿಕೊಳ್ಳಬೇಕೆ, ಮದುವೆಮನೆಯಲ್ಲಿ ಊಟ ಮೂರು ಗಂಟೆಗೆ ಎಂದರೆ ಬೆಳಗಿನ ಮಾತ್ರೆ ಏನು ಮಾಡಬೇಕು, ವಾಂತಿಯಾಗುತ್ತಿರುವಾಗ ಇನ್ಸುಲಿನ್ ಹಾಕಿಕೊಳ್ಳಬೇಕೆ ಬೇಡವೆ ಎಂಬುದನ್ನೆಲ್ಲ ಆ ಹೊತ್ತಿಗೆ ತೀರ್ಮಾನಿಸುವವರು ಕಾಯಿಲೆ ಇರುವವರೇ. ತಿಳಿದು ತೀರ್ಮಾನಿಸುತ್ತಾರೋ ಅಂದಾಜಿನಲ್ಲಿ ತೀರ್ಮಾನಿಸುತ್ತಾರೋ ಎನ್ನುವುದಷ್ಟೇ ನಮ್ಮ ಮುಂದಿರುವ ಪ್ರಶ್ನೆ.

ಇದಕ್ಕೆ ಸಂಬಂಧಿಸಿದ ಒಬ್ಬರ ಕಥೆ ಹೇಳಬೇಕು. ಅಮೆರಿಕದ ರಿಚರ್ಡ್ ಬರ್ನ್‌ಸ್ಟೈನ್ ಅವರಿಗೆ 1946ರಲ್ಲಿ, ಹನ್ನೆರಡನೆಯ ವಯಸ್ಸಿಗೆ, ಮಧುಮೇಹ ಬಂತು. ಓದಿ ಎಂಜಿನಿಯರ್ ಆದರು. ಮೂವತ್ತು ದಾಟುವ ಹೊತ್ತಿಗೆ ಕಾಯಿಲೆ ದೇಹವನ್ನು ಹಣ್ಣು ಮಾಡಿತ್ತು. ಒಂದು ಹನಿ ರಕ್ತದಿಂದ ಸಕ್ಕರೆ ಅಳೆಯುವ ಯಂತ್ರ, ಅಂದರೆ ಮೀಟರು, ಆಗಷ್ಟೇ ಬಂದಿತ್ತು, ಆದರೆ ಅದನ್ನು ವೈದ್ಯರಿಗೂ ಆಸ್ಪತ್ರೆಗಳಿಗೂ ಬಿಟ್ಟು ಬೇರೆಯವರಿಗೆ ಮಾರುತ್ತಿರಲಿಲ್ಲ. ಬರ್ನ್‌ಸ್ಟೈನ್ ಅವರ ಹೆಂಡತಿ ವೈದ್ಯೆ. ಆಕೆಯ ಹೆಸರಿನಲ್ಲಿ 1969ರಲ್ಲಿ ಯಂತ್ರ ಮನೆಗೆ ಬಂತು. ದಿನಕ್ಕೆ ಹಲವು ಸಲ ಅಳೆದು, ಯಾವ ಊಟಕ್ಕೆ ಎಷ್ಟು ಏರುತ್ತದೆ, ಎಷ್ಟು ಇನ್ಸುಲಿನ್‌ಗೆ ಎಷ್ಟು ಇಳಿಯುತ್ತದೆ ಎಂಬುದನ್ನು ಸ್ವತಃ ಕಂಡುಕೊಂಡರು. ಬರೆದು ಕಳಿಸಿದ್ದನ್ನು ವೈದ್ಯಕೀಯ ಪತ್ರಿಕೆಗಳು ಒಪ್ಪಲಿಲ್ಲ. ಕೊನೆಗೆ ನಲವತ್ತು ದಾಟಿದ ಮೇಲೆ ವೈದ್ಯಕೀಯ ಕಾಲೇಜು ಸೇರಿ ತಾವೇ ಡಾಕ್ಟರಾದರು. ಮುಂದೆ ಅವರು ಹೇಳಿದ ಕಟ್ಟುನಿಟ್ಟಿನ ಪಥ್ಯವನ್ನು ನಾನು ಎಲ್ಲರಿಗೂ ಹೇಳುವುದಿಲ್ಲ. ಆದರೆ ಮೀಟರು ರೋಗಿಯ ಕೈಯಲ್ಲಿರಬೇಕೆಂಬ ಅವರ ಹಟ ಗೆದ್ದಿತು. 1993ರಲ್ಲಿ ಅಮೆರಿಕ ಮತ್ತು ಕೆನಡಾದ 1,441 ಜನರ ಅಧ್ಯಯನವೊಂದರ ಫಲಿತಾಂಶ ಬಂತು. ದಿನಕ್ಕೆ ನಾಲ್ಕು ಸಲವಾದರೂ ತಾವೇ ಪರೀಕ್ಷಿಸಿ ಅದಕ್ಕೆ ತಕ್ಕಂತೆ ಇನ್ಸುಲಿನ್ ಹೊಂದಿಸಿಕೊಂಡ ಗುಂಪಿನಲ್ಲಿ ಕಣ್ಣು, ಕಿಡ್ನಿ, ನರಗಳ ಹಾನಿ ಬಹಳ ಕಡಿಮೆಯಾಗಿತ್ತು.

ನಮ್ಮಲ್ಲಿ ಈಗ ಮೀಟರು ಯಾವ ಮೆಡಿಕಲ್ ಸ್ಟೋರಿನಲ್ಲೂ ಸಿಗುತ್ತದೆ. ಆದರೆ ಅದು ತೋರಿಸಿದ ಸಂಖ್ಯೆ ಇನ್ನೂ ರೋಗಿಯದಾಗಿಲ್ಲ. “ಏನಮ್ಮಾ, ಇನ್ನೂರ ನಲವತ್ತು! ಬಾಯಿ ಕಟ್ಟೋದೇ ಇಲ್ವಾ?” ಎಂದು ನಾವು ವೈದ್ಯರು ಗದರುತ್ತೇವೆ. ಆಕೆ ತಲೆ ತಗ್ಗಿಸುತ್ತಾರೆ. ಮುಂದಿನ ಸಲ ಪರೀಕ್ಷೆಗೆ ಎರಡು ದಿನ ಮೊದಲಿಂದ ಬರೀ ಚಪಾತಿ, ಮಜ್ಜಿಗೆ. ಬೆಳಗಿನ ಸಕ್ಕರೆ ಚೆನ್ನಾಗಿ ಬರುತ್ತದೆ, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಮಾತ್ರ ಒಂಬತ್ತೂವರೆ ಎನ್ನುತ್ತದೆ. ಇದಕ್ಕೆ ಆಕೆಯನ್ನು ದೂರುವುದು ಅನ್ಯಾಯ. ಬೈಗುಳ ತಪ್ಪಿಸಿಕೊಳ್ಳುವುದನ್ನು ಕಲಿಸಿದವರು ನಾವು.

ಕಲಿಸುವುದೆಂದರೆ ಹೇಗೆ? ರಾಗಿಯಿಂದಲೇ ಶುರು ಮಾಡೋಣ. ಹಳೇ ಮೈಸೂರು ಕಡೆ “ಶುಗರ್ ಇದ್ದವರು ಮುದ್ದೆ ಎಷ್ಟು ಬೇಕಾದರೂ ಉಣ್ಣಬಹುದು” ಎಂಬ ನಂಬಿಕೆ ಗಟ್ಟಿಯಾಗಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪಟ್ಟಿಯ ಪ್ರಕಾರ 100 ಗ್ರಾಂ ಅಕ್ಕಿಯಲ್ಲಿ ಶರ್ಕರಪಿಷ್ಟ ಸುಮಾರು 78 ಗ್ರಾಂ, ರಾಗಿಯಲ್ಲಿ ಸುಮಾರು 67 ಗ್ರಾಂ. ನಾರು, ಸುಣ್ಣದಂಶ ರಾಗಿಯಲ್ಲಿ ಬಹಳ ಹೆಚ್ಚು, ಆ ಮಟ್ಟಿಗೆ ಅದು ಒಳ್ಳೆಯ ಧಾನ್ಯ. ಆದರೆ ಎರಡು ದೊಡ್ಡ ಮುದ್ದೆ ಸಕ್ಕರೆಯನ್ನು ಏರಿಸಿಯೇ ಏರಿಸುತ್ತದೆ. ನಾನು ಹೇಳಿದರೆ ನಂಬಬೇಕಿಲ್ಲ. ಒಂದು ದಿನ ಊಟಕ್ಕೆ ಮೊದಲು ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಮತ್ತೊಮ್ಮೆ ಪರೀಕ್ಷಿಸಿ. ಇನ್ನೊಂದು ದಿನ ಒಂದೇ ಸಣ್ಣ ಮುದ್ದೆ, ಜೊತೆಗೆ ಹೆಚ್ಚು ಸೊಪ್ಪಿನ ಸಾರು, ಕಾಳಿನ ಪಲ್ಯ ಇಟ್ಟುಕೊಂಡು ಅದೇ ಹೊತ್ತಿಗೆ ನೋಡಿ. ಎರಡು ಗಂಟೆಯ ಅಂಕಿ 180ರ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಗುಳಿಗೆ ಮಾತ್ರ ನುಂಗುವ ಬಹುಪಾಲು ಜನರಿಗೆ ದಿನವೂ ಚುಚ್ಚಿಕೊಳ್ಳುವ ಅಗತ್ಯವಿಲ್ಲ, ಸ್ಟ್ರಿಪ್ಪಿನ ದುಡ್ಡೂ ಸಣ್ಣದಲ್ಲ. ಹೀಗೆ ಜೋಡಿಯಾಗಿ ನೋಡಿದ ನಾಲ್ಕಾರು ಪರೀಕ್ಷೆಗಳು ತಿಂಗಳುಗಟ್ಟಲೆ ಬರೀ ಬೆಳಗಿನ ಅಂಕಿ ಬರೆದಿಟ್ಟುಕೊಳ್ಳುವುದಕ್ಕಿಂತ ಹೆಚ್ಚು ತಿಳಿಸುತ್ತವೆ.

ಇನ್ಸುಲಿನ್ ಹಾಕಿಕೊಳ್ಳುವವರಿಗೆ ಇನ್ನೊಂದು ಮಾತು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮ ದೇಶದಲ್ಲಿ ಬಾಟಲಿಯ ಇನ್ಸುಲಿನ್ ಸಾಮಾನ್ಯವಾಗಿ ಒಂದು ಮಿಲಿಗೆ 40 ಯೂನಿಟ್. 100 ಯೂನಿಟ್‌ನದೂ ಉಂಟು. ಎರಡಕ್ಕೂ ಬೇರೆ ಬೇರೆ ಸಿರಿಂಜು: 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಮುಚ್ಚಳ. 40ರ ಬಾಟಲಿಯಿಂದ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಒಳಗೆ ಹೋಗುವುದು 8 ಯೂನಿಟ್ ಮಾತ್ರ. 100ರ ಬಾಟಲಿಯಿಂದ ಕೆಂಪು ಸಿರಿಂಜಿನಲ್ಲಿ 20ಕ್ಕೆ ಎಳೆದರೆ 50 ಯೂನಿಟ್ ಹೋಗುತ್ತದೆ, ಪ್ರಾಣಕ್ಕೇ ಅಪಾಯ. ಚೀಟಿಯಲ್ಲಿ ಬರೆದ ಡೋಸ್ ಸರಿ, ಹಾಕಿಕೊಳ್ಳುವವರ ನಿಷ್ಠೆಯೂ ಸರಿ, ಆದರೂ ಸಕ್ಕರೆ ಹತೋಟಿಗೆ ಬಾರದಿದ್ದಾಗ ಡೋಸ್ ಏರಿಸುವ ಮೊದಲು “ನಿಮ್ಮ ಸಿರಿಂಜು ತೋರಿಸಿ” ಎಂದು ಕೇಳುವುದು ವೈದ್ಯರ ಕರ್ತವ್ಯ. ಹೊಟ್ಟೆಯನ್ನೂ ಮುಟ್ಟಿ ನೋಡಬೇಕು. ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಗಂಟು ಕಟ್ಟಿದ್ದರೆ ಅಲ್ಲಿ ಹಾಕಿದ ಇನ್ಸುಲಿನ್ನನ್ನು ದೇಹ ಸರಿಯಾಗಿ ಹೀರಿಕೊಳ್ಳುವುದಿಲ್ಲ.

ಇನ್ನು, ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ ಬಂದಾಗ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಮೈಸೂರು ಪಾಕು ಆ ಹೊತ್ತಿಗೆ ಆಗದು, ತುಪ್ಪ ಸಕ್ಕರೆಯನ್ನು ನಿಧಾನ ಮಾಡುತ್ತದೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಏಕಾದಶಿ, ರಂಜಾನ್ ಉಪವಾಸ ಮಾಡುವವರು ಮೊದಲೇ ವೈದ್ಯರಿಗೆ ತಿಳಿಸಿ. ಗ್ಲಿಮೆಪಿರೈಡ್‌ನಂಥ ಮಾತ್ರೆಯನ್ನು ಖಾಲಿ ಹೊಟ್ಟೆಗೆ ನುಂಗಿ ಕುಸಿದವರು ಪ್ರತಿ ಹಬ್ಬದಲ್ಲೂ ಬರುತ್ತಾರೆ. ಕಾಲಿನ ಮೇಲೂ ಕಣ್ಣಿರಲಿ: ಕಾಲಿನಿಂದ ಚಪ್ಪಲಿ ಜಾರಿದ್ದು ತಿಳಿಯದಿದ್ದರೆ ನರಗಳು ಸೋತಿವೆ ಎಂದರ್ಥ. ಅಂಥವರು ನಡುಮಧ್ಯಾಹ್ನ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಬಾರದು.

ಇಷ್ಟನ್ನೂ ಒಂದೇ ಭೇಟಿಯಲ್ಲಿ ಹೇಳಲಾಗದು, ಹೇಳಿದರೂ ನೆನಪಿರದು. ಲಾಸ್ ಏಂಜಲೀಸಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಡಾ. ಲಿಯೋನಾ ಮಿಲ್ಲರ್ ಮತ್ತು ಸಂಗಡಿಗರು ಬಡ ರೋಗಿಗಳಿಗೆ ಪಾಠ ಹೇಳಿ, ಅನುಮಾನ ಬಂದಾಗ ಕರೆ ಮಾಡಲು ಒಂದು ದೂರವಾಣಿ ಇಟ್ಟರು. ಆಸ್ಪತ್ರೆಗೆ ದಾಖಲಾಗುವುದು ತೀರ ಕಡಿಮೆಯಾಯಿತು ಎಂದು 1972ರಲ್ಲೇ ವರದಿ ಮಾಡಿದರು. ಇಂದು ನಮ್ಮಲ್ಲಿ ಹೆಚ್ಚುಕಡಿಮೆ ಪ್ರತಿ ಮನೆಯಲ್ಲೂ ಮೊಬೈಲ್ ಇದೆ, ಹಳ್ಳಿ ಹಳ್ಳಿಗೆ ಆಶಾ ಕಾರ್ಯಕರ್ತೆಯರಿದ್ದಾರೆ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಮಧುಮೇಹದ ಪಾಠ ಹೇಳಲೆಂದೇ ಒಬ್ಬರು ನರ್ಸ್, ಅವರ ಕೈಗೆ ಒಂದು ಫೋನು ಬೇಕು. ಇದನ್ನು ಸರ್ಕಾರದ ಮುಂದೆ ಬೇಡಿಕೆಯಾಗಿಯೇ ಇಡುತ್ತಿದ್ದೇನೆ. ಈ ಸಭೆಯಲ್ಲಿರುವ ಜನಪ್ರತಿನಿಧಿಗಳು ಬರೆದುಕೊಳ್ಳಬೇಕೆಂದು ಪ್ರಾರ್ಥನೆ.

ಹೊರಗಿನ ಮೇಜಿನ ಮೇಲೆ ಎರಡೂ ಬಗೆಯ ಸಿರಿಂಜು, ನೀರು ತುಂಬಿದ ಬಾಟಲಿಗಳು, ಒಂದು ಮೀಟರು ಇಟ್ಟಿದ್ದೇವೆ. ನಮ್ಮ ನರ್ಸ್ ಅಲ್ಲೇ ಇರುತ್ತಾರೆ. ಮನೆಯಲ್ಲಿ ಇನ್ಸುಲಿನ್ ಹಾಕುವವರು, ಹಾಕಿಸಿಕೊಳ್ಳುವವರು ಇಬ್ಬರೂ ಬನ್ನಿ, ನೀರು ಎಳೆದು ತೋರಿಸಿ, ಗೆರೆ ಸರಿಯಿದೆಯೇ ಎಂದು ಅವರಿಂದ ನೋಡಿಸಿಕೊಂಡು ಹೋಗಿ.