ಭಂಡಾರದ ಲೆಕ್ಕ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



'ನಾಯಕತ್ವ ಮತ್ತು ದೈವಭಕ್ತಿ' ಎಂಬ ವಿಷಯದ ಮೇಲೆ ಹತ್ತು ನಿಮಿಷ ಮಾತಾಡಬೇಕೆಂದು ಸಮಿತಿಯವರು ಹೇಳಿದ್ದಾರೆ. ನಾನು ಈ ಸಮಿತಿಯ ಖಜಾಂಚಿ, ಉಪದೇಶ ಮಾಡುವ ಯೋಗ್ಯತೆಯವನಲ್ಲ. ಆದರೆ ಹಣದ ಬೀಗದ ಕೈ ಹಿಡಿದಿದ್ದ ಒಬ್ಬ ದೊಡ್ಡವರ ನೆನಪಾಯಿತು. ಅವರ ಬಗ್ಗೆಯೇ ನಾಲ್ಕು ಮಾತು ಹೇಳುತ್ತೇನೆ.

2024ರಲ್ಲಿ ನಮ್ಮ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ನಮ್ಮ ಶಾಲೆಯ ಕಚೇರಿಯಲ್ಲೂ ಅವರ ಚಿತ್ರವಿದೆ. ಚಿತ್ರಕ್ಕೆ ಹೂ ಹಾಕುವುದು ಸುಲಭ. ಅವರು ಕಲಚುರಿ ಬಿಜ್ಜಳನ ಭಂಡಾರಿಯಾಗಿದ್ದರು ಎಂಬುದನ್ನು ಮಾತ್ರ ಪರೀಕ್ಷೆಗೆ ಓದಿ ಮರೆತಿದ್ದೇವೆ. ಅರಮನೆಯ ಹಣವನ್ನು ಜಂಗಮರ ದಾಸೋಹಕ್ಕೆ ಸುರಿಯುತ್ತಿದ್ದಾರೆಂದು ಕೆಲವರು ದೊರೆಗೆ ದೂರು ಕೊಟ್ಟರಂತೆ. ಬಸವ ಪುರಾಣದಲ್ಲಿ ಬರುವ ಕಥೆ. ನಾನು ಶಿವಭಕ್ತ, ನನ್ನನ್ನೇ ಲೆಕ್ಕ ಕೇಳುತ್ತೀರಾ ಎಂದು ಅವರು ಸಿಟ್ಟಾಗಲಿಲ್ಲ. ಭಂಡಾರ ತೆರೆದು ಎಣಿಸಲು ಬಿಟ್ಟರು. ಲೆಕ್ಕ ಸರಿಯಿತ್ತು. ಪುರಾಣಕ್ಕೆ ಅದು ಪವಾಡ. ನನಗೆ ಪವಾಡಕ್ಕಿಂತ ಎಣಿಸಲು ಬಿಟ್ಟದ್ದೇ ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಅಲ್ಲಮಪ್ರಭುಗಳು ಸಿದ್ಧರಾಮರೊಂದಿಗೆ ಕಲ್ಯಾಣಕ್ಕೆ ಬಂದು ಮಹಾಮನೆಯ ಬಾಗಿಲಲ್ಲಿ ನಿಂತಾಗ ಬಸವಣ್ಣನವರು ಲಿಂಗಪೂಜೆಯಲ್ಲಿದ್ದರು. ಕರೆತರಲು ಅಪ್ಪಣ್ಣನವರನ್ನು ಕಳಿಸಿದರು. ಪ್ರಭುಗಳು ಒಳಗೆ ಬರಲಿಲ್ಲ. ಬಾಗಿಲಿಗೆ ಬಂದವರನ್ನು ನಿಲ್ಲಿಸಿ ಮಾಡುವ ಪೂಜೆ ಎಂಥದು ಎಂದು ಎಚ್ಚರಿಸಿದವರು ಸೋದರಳಿಯ ಚೆನ್ನಬಸವಣ್ಣ, ವಯಸ್ಸಿನಲ್ಲಿ ಕಿರಿಯರು. ಬಸವಣ್ಣನವರು ಎದ್ದು ಬಂದರು. ಮುಂದೆ ಶೂನ್ಯಸಿಂಹಾಸನದಲ್ಲಿ ಪ್ರಭುಗಳನ್ನೇ ಕೂರಿಸಿದರು. ಹಣದ ಸೊಕ್ಕು, ಅಧಿಕಾರದ ಸೊಕ್ಕು ಊರಿಗೆಲ್ಲ ಕಾಣುತ್ತದೆ. ಪೂಜೆಯ ಸೊಕ್ಕು ಹಾಗಲ್ಲ, ಅದಕ್ಕೆ ಎದುರಾಡಲು ಯಾರಿಗೂ ಬಾಯಿ ಬರುವುದಿಲ್ಲ. 'ಸಾಹೇಬರು ಪೂಜೆಯಲ್ಲಿದ್ದಾರೆ' ಎಂಬ ಮಾತು ಕೇಳಿ ಹೊರಗೆ ಕಾದು ಕೂತವರು ನಿಮ್ಮಲ್ಲೂ ಇರಬಹುದು.

ಈಗ ನಮ್ಮ ಮನೆಯ ಮಾತು. ಹೊಸ ಕೊಠಡಿಗಳ ಕಲ್ಲಿನಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂಬುದರಲ್ಲೇ ಮೂರು ಸಭೆ ಕಳೆದವು. ಚಾವಣಿಯ ಕೆಲಸ ನಿಂತಿತು. ಹತ್ತನೇ ತರಗತಿಯ ಮಕ್ಕಳು ಮಳೆಗಾಲವನ್ನು ಜಗಲಿಯಲ್ಲಿ ಕೂತು ಕಳೆದರು. ಹೆಸರು ಬೇಕೆನ್ನುವವರು ಕೆಟ್ಟವರಲ್ಲ. ಕೂಲಿ ಮಾಡಿ ಓದಿಸಿದ ಅಪ್ಪನ ಹೆಸರು ಈ ಗೋಡೆಯ ಮೇಲಿರಲಿ ಎಂದು ಮಗ ಆಸೆಪಟ್ಟರೆ ತಪ್ಪೇನು? ಆದರೆ ಹೆಸರು ಮೇಲೆ ಬಾರದಿದ್ದರೆ ಹಣ ವಾಪಸ್ ಕೊಡಿ ಎಂದಾಗ, ಕೊಟ್ಟದ್ದು ಮಕ್ಕಳಿಗೋ ಕಲ್ಲಿಗೋ ಎಂದು ಕೇಳಬೇಕಾಗುತ್ತದೆ. ಕೊನೆಗೆ ಸಮಿತಿ ತೀರ್ಮಾನಿಸಿತು: ಎಲ್ಲ ಹೆಸರೂ ಅಕಾರಾದಿಯಲ್ಲಿ, ಒಂದೇ ಅಳತೆಯ ಅಕ್ಷರದಲ್ಲಿ. ಸಂತೆಯಲ್ಲಿ ಸೊಪ್ಪು ಮಾರಿ ನೂರು ರೂಪಾಯಿ ಕೊಟ್ಟ ಅಜ್ಜಿಯ ಹೆಸರೂ ಅಲ್ಲಿದೆ. ಇಬ್ಬರು ಇನ್ನೂ ಮುನಿಸಿಕೊಂಡಿದ್ದಾರೆ; ಇಂದು ಊಟಕ್ಕಾದರೂ ಬರುತ್ತಾರೆಂದು ನಂಬಿದ್ದೇನೆ.

ದೇವರನ್ನು ನಂಬಿದರೆ ಹಿಡಿದ ಕೆಲಸ ಕೈಗೂಡುತ್ತದೆ ಎಂದು ಭಾಷಣಗಳಲ್ಲಿ ಹೇಳುವುದುಂಟು. ಬಸವಣ್ಣನವರ ಬದುಕು ಹಾಗೆ ಹೇಳುವುದಿಲ್ಲ. ಹರಳಯ್ಯ, ಮಧುವರಸರ ಮಕ್ಕಳ ಮದುವೆಯಾದ ಮೇಲೆ ಆ ಇಬ್ಬರು ತಂದೆಯರಿಗೂ ಮರಣದಂಡನೆಯಾಯಿತೆಂದು ಪರಂಪರೆ ಹೇಳುತ್ತದೆ. ಶರಣರು ದಿಕ್ಕಾಪಾಲಾದರು. ಬಸವಣ್ಣನವರು ಅಧಿಕಾರ ಬಿಟ್ಟು ಕೂಡಲಸಂಗಮಕ್ಕೆ ಹಿಂದಿರುಗಿದರು. ಎಳೆಯ ವಯಸ್ಸಿನಲ್ಲಿ ಓದಿ ಬೆಳೆದ ಊರು ಅದು. ಅವರ ವಚನಗಳ ಅಂಕಿತದಲ್ಲಿರುವ ದೇವರೂ ಅಲ್ಲಿಯವನೇ. ಗೆದ್ದಾಗ ಒಂದು ಅಂಕಿತ, ಸೋತಾಗ ಇನ್ನೊಂದು ಎಂದು ಅವರು ಮಾಡಿಕೊಳ್ಳಲಿಲ್ಲ.

ಇನ್ನು ನನ್ನ ಕೆಲಸಕ್ಕೆ ಬರುತ್ತೇನೆ. ಮಹೋತ್ಸವದ ಜಮಾ-ಖರ್ಚಿನ ಪಟ್ಟಿಯನ್ನು ಸೂಚನಾ ಫಲಕಕ್ಕೆ ಹಚ್ಚಿದ್ದೇವೆ. ಓದು ಬಾರದ ಹಿರಿಯರಿಗೆ ಮಕ್ಕಳು ಓದಿ ಹೇಳುತ್ತಾರೆ. ಲೆಕ್ಕ ಎಲ್ಲಿ ಎಂದು ಅರಳಿಕಟ್ಟೆಯಲ್ಲಿ ಕೇಳಿದವರಿದ್ದಾರೆ, ಕೇಳಿದ್ದು ಒಳ್ಳೆಯದೇ ಆಯಿತು. ರಸೀದಿ ಪುಸ್ತಕಗಳು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿವೆ. ಊಟವಾದ ಮೇಲೆ ನಾನು ಅಲ್ಲೇ ಕೂತಿರುತ್ತೇನೆ, ಬನ್ನಿ.